ಪೀಪಿ ಊದಿಸಿದರೆ ಮಾತು ಸ್ಪಷ್ಟವಾಗುತ್ತದೆಯೇ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ 3 ವರ್ಷ 8 ತಿಂಗಳು. ಅನ್ನ-ಸಾರನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದರೆ ಮಾತ್ರ ಉಣ್ಣುತ್ತಾನೆ. ರೊಟ್ಟಿ ಚೂರು ಬಾಯಿಗಿಟ್ಟರೆ ಉಗಿಯುತ್ತಾನೆ. ಜೊಲ್ಲಿಗೆ ಅಂಗಿ ಯಾವಾಗಲೂ ಒದ್ದೆ. 'ಕಾಗೆ'ಗೆ 'ತಾದೆ' ಅನ್ನುತ್ತಾನೆ, ಹೊರಗಿನವರಿಗೆ ಅರ್ಥವಾಗುವುದಿಲ್ಲ. ಬಾಯಿಗೆ ಬಲ ಬರಲು ದಿನಾ ಪೀಪಿ, ಬಲೂನು ಊದಿಸಿ ಎನ್ನುತ್ತಾರೆ. ಊದಿಸಲೇ?
– ಒಬ್ಬ ತಾಯಿ, ಹೊಳಲ್ಕೆರೆ

ಉತ್ತರ: ಬಲೂನು ಬೇಡವೇ ಬೇಡ ತಾಯಿ. ಒಡೆದ ಚೂರು ಗಂಟಲಿಗೆ ಸಿಕ್ಕಿದರೆ ಉಸಿರೇ ಕಟ್ಟುತ್ತದೆ. ಪೀಪಿ ಆಟಕ್ಕೆ ಇರಲಿ, ಆದರೆ ಅದರಿಂದ ಮಾತು ಸ್ಪಷ್ಟವಾಗುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಊದಿದರೆ ಊದುವುದು ಬರುತ್ತದೆ. ಮಾತು ಬರಬೇಕಾದರೆ ಮಾತನ್ನೇ ಆಡಿಸಬೇಕು, ಅಗಿಯುವುದು ಬರಬೇಕಾದರೆ ಅಗಿಸಬೇಕು.

ನಿಮ್ಮ ಮಗ 'ತ' ಅನ್ನುತ್ತಾನೆ, ಅಲ್ವಾ? ಅಂದರೆ ನಾಲಿಗೆಯ ತುದಿಯನ್ನು ಚೆನ್ನಾಗಿಯೇ ಎತ್ತುತ್ತಾನೆ. 'ಕ'ಗೆ ನಾಲಿಗೆಯ ಹಿಂಭಾಗ ಏಳಬೇಕು. ಅದು ಅವನಿಗೆ ಇನ್ನೂ ಸಿಕ್ಕಿಲ್ಲ, ಅಷ್ಟೇ. ಒಂದು ತೆಂಗಿನಕಾಯಿ ಇಟ್ಟುಕೊಂಡು ಎದುರಿಗೆ ಕೂತುಕೊಳ್ಳಿ. ಅವನು 'ಕಾಯಿ' ಅಂದರೆ ಕಾಯಿ ಕೊಡಿ. 'ತಾಯಿ' ಅಂದರೆ ನಿಮ್ಮನ್ನೇ ತೋರಿಸಿಕೊಂಡು ನಗಿ. ಅವನಿಗೇ ವ್ಯತ್ಯಾಸ ಕೇಳಿಸತೊಡಗುತ್ತದೆ. ಆಮೇಲೆ ಕಲೆ-ತಲೆ. ಮಲಗಿದಾಗ ನಾಲಿಗೆ ತಾನೇ ಹಿಂದಕ್ಕೆ ಸರಿಯುತ್ತದೆ, ಹಾಗಾಗಿ ರಾತ್ರಿ ಹಾಸಿಗೆಯಲ್ಲೂ ಈ ಆಟ ಆಡಿ. ಐದೇ ನಿಮಿಷ ಸಾಕು. ಬೈದು ತಿದ್ದಬೇಡಿ.

ಊಟದ ವಿಷಯದಲ್ಲಿ ನಾನೂ ತಪ್ಪಿದವಳೇ. ನನ್ನ ಮಗಳು ಉಗಿದಳೆಂದು ಹೆದರಿ ಎರಡು ವರ್ಷ ತುಂಬುವವರೆಗೂ ಮಿಕ್ಸಿ ಬಿಡಲಿಲ್ಲ. ದಾವಣಗೆರೆಗೆ ಬಂದ ಮೇಲೆ ನಮ್ಮ ಅತ್ತೆ ಜೋಳದ ರೊಟ್ಟಿಯ ಮೆತ್ತನೆ ಭಾಗವನ್ನು ತುಪ್ಪದಲ್ಲಿ ನೆನೆಸಿ, ಬೆರಳಗಲದ ಪಟ್ಟಿ ಮಾಡಿ, ಕೆನ್ನೆಯ ಪಕ್ಕ ದವಡೆ ಹಲ್ಲಿನ ಮೇಲೆ ಇಟ್ಟರು. ನಾಲಿಗೆಯ ನಡುವೆ ಇಟ್ಟರೆ ಮಗು ಹೊರಕ್ಕೆ ತಳ್ಳುತ್ತದೆ. ಹಲ್ಲಿನ ಮೇಲಿಟ್ಟರೆ ಕಚ್ಚುತ್ತದೆ. ನಾನು ಓದಿ ಕಲಿತದ್ದನ್ನು ಅವರು ಕೈಯಲ್ಲೇ ತಿಳಿದಿದ್ದರು.

ಮಿಕ್ಸಿಯನ್ನು ಒಂದೇ ದಿನ ನಿಲ್ಲಿಸಬೇಡಿ. ಈ ವಾರ ಕೈಯಲ್ಲಿ ನುರಿದ ಅನ್ನ, ಮುಂದೆ ಸಣ್ಣ ಗಂಟು ಇರುವ ಮುದ್ದೆಯಂಥ ಅನ್ನ, ಇಡ್ಲಿ, ಬೇಯಿಸಿದ ಕ್ಯಾರೆಟ್ ಪಟ್ಟಿ. ನೀರು ಸಾರಿನಲ್ಲಿ ತೇಲುವ ಅನ್ನ ಕಷ್ಟ, ನೀರು ಮತ್ತು ಗಟ್ಟಿ ಎರಡನ್ನೂ ಒಟ್ಟಿಗೆ ನಿಭಾಯಿಸಬೇಕಲ್ಲ. ಒಗ್ಗರಣೆ ಹಾಕಿದ ಮೆತ್ತನೆ ಮಂಡಕ್ಕಿ ಆಮೇಲೆ ಕೊಡಬಹುದು, ಆದರೆ ಕಡಲೆಬೀಜ, ಹುರಿಗಡಲೆ ತೆಗೆದುಬಿಡಿ. ಕಾಲು ನೆಲಕ್ಕೋ ಮಣೆಗೋ ಊರುವಂತೆ ಕೂರಿಸಿ. ಮೊಬೈಲ್ ಬೇಡ. ಅವನು ತಿನ್ನುವಾಗ ಪಕ್ಕದಲ್ಲೇ ಇರಿ.

ಇದೆಲ್ಲದಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದ ಮಗು ಸರಿಯಾಗಿ ಆಡುವುದಿಲ್ಲ. ಬಾಯಿ ತೆರೆದು ಮಲಗುತ್ತಾನೆಯೇ, ಗೊರಕೆ ಇದೆಯೇ ನೋಡಿ. ಮೂಗು ಕಟ್ಟಿದ್ದರೆ, ಟಾನ್ಸಿಲ್ ಊದಿದ್ದರೆ ಜೊಲ್ಲು ಜಾಸ್ತಿ ಸುರಿಯುತ್ತದೆ. ಆಗ ಸುಮ್ನೆ ಬಾಯಿಗೆ ವ್ಯಾಯಾಮ ಮಾಡಿಸಿ ಪ್ರಯೋಜನವಿಲ್ಲ. ನುಂಗುವಾಗ ಪದೇ ಪದೇ ಕೆಮ್ಮಿದರೆ, ಮೂಗಿನಿಂದ ಹಾಲು ಬಂದರೆ, ನಾನು ಹೇಳಿದ ತುತ್ತುಗಳನ್ನೂ ಕೊಡದೆ ತಕ್ಷಣ ವೈದ್ಯರಲ್ಲಿಗೆ ಹೋಗಿ. ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬರುವ ಸರ್ಕಾರಿ ವೈದ್ಯರ ತಂಡಕ್ಕೂ ತೋರಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮತ್ತು ಮಾತು ಎರಡನ್ನೂ ನೋಡುತ್ತಾರೆ.

ಕಿವಿ ಪರೀಕ್ಷೆಯಲ್ಲಿ ಏನು ಬಂತು, ಕಾಯಿ ಕೇಳಿದಾಗ ಮಗ ಏನಂದ, ಎರಡನ್ನೂ ಬರೆಯಿರಿ.