ಮಕ್ಕಳ ಓದನ್ನು ಅಳೆಯಲು ‘ನಿಮಿಷಕ್ಕೆ ಇಷ್ಟು ಪದ’ ಎಂಬ ಒಂದೇ ಗುರಿ ದೇಶಕ್ಕೆಲ್ಲ ಏಕೆ ಸಾಲದು?

‘ಒಂದು ಪದ’ ಎಂಬುದು ಎಲ್ಲ ಭಾಷೆಗಳಲ್ಲೂ ಒಂದೇ ಅಳತೆಯದಲ್ಲವಾದ್ದರಿಂದ ಅದು ಸಾಲದು. ಕನ್ನಡ, ತಮಿಳು, ಮಲಯಾಳಂ ಭಾಷೆಗಳಲ್ಲಿ ವಿಭಕ್ತಿಪ್ರತ್ಯಯಗಳು ಮೂಲಪದಕ್ಕೇ ಅಂಟಿಕೊಳ್ಳುತ್ತವೆ. ಹಿಂದಿ ಓದುವ ಮಗು ‘ಘರ್ ಮೇಂ ಭೀ’ ಎಂದು ಮೂರು ಪದಗಳನ್ನು ಮುಗಿಸುವಷ್ಟರಲ್ಲಿ ಕನ್ನಡದ ಮಗು ‘ಮನೆಯಲ್ಲೂ’ ಎಂಬ ಒಂದೇ ಪದವನ್ನು ಓದಿರುತ್ತದೆ. ಅದರಲ್ಲೂ ‘ಲ್ಲೂ’ ಎಂಬಲ್ಲಿ ಒತ್ತನ್ನೂ ದೀರ್ಘವನ್ನೂ ಒಟ್ಟಿಗೆ ಗುರುತಿಸಬೇಕು. ಪದಗಳನ್ನಷ್ಟೇ ಎಣಿಸಿದರೆ, ಇಬ್ಬರೂ ಸಮಾನವಾಗಿ ಓದಬಲ್ಲವರಾದರೂ ಕನ್ನಡದ ಮಗು ಹಿಂದುಳಿದಂತೆ ಕಾಣುತ್ತದೆ.

ಚಿಕ್ಕ ಮಕ್ಕಳಿಗೆ ಓದು, ಬರಹ, ಲೆಕ್ಕದ ಬುನಾದಿ ಹಾಕಲು ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆಯು ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದಗಳ ಗುರಿಯನ್ನು ಇಟ್ಟಿತ್ತು. 2022ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ (ಎನ್‌ಸಿಇಆರ್‌ಟಿ) ಸುಮಾರು 86,000 ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, 20 ಭಾಷೆಗಳಲ್ಲಿ ಓದಿಸಿ, ಆಯಾ ಭಾಷೆಗೆ ಪ್ರತ್ಯೇಕ ಮಾನದಂಡಗಳನ್ನು ರೂಪಿಸಿತು. ಇದು ಸರಿಯಾದ ಹೆಜ್ಜೆ.

ಆದರೆ ವೇಗವೊಂದೇ ಓದಲ್ಲ. ಗಡಗಡನೆ ಓದಿದ ಮಗುವಿಗೆ ‘ಅಜ್ಜಿ ಸಂತೆಗೆ ಏಕೆ ಹೋದಳು?’ ಎಂದು ಕೇಳಿದಾಗ ಉತ್ತರ ಬಾರದಿದ್ದರೆ ಅದು ಅಕ್ಷರಗಳನ್ನು ಉಚ್ಚರಿಸಿದೆಯೇ ಹೊರತು ಅರ್ಥಮಾಡಿಕೊಂಡಿಲ್ಲ. ಆದ್ದರಿಂದ ಅರ್ಥಗ್ರಹಣದ ಪ್ರಶ್ನೆಗಳು ಇರಲೇಬೇಕು. ಅದಕ್ಕಿಂತ ಮುಖ್ಯವಾಗಿ, ಮಗು ಒತ್ತಕ್ಷರದಲ್ಲಿ ತಡವರಿಸಿತೋ, ‘ಶ’ ಮತ್ತು ‘ಷ’ಗಳಲ್ಲಿ ಗೊಂದಲಗೊಂಡಿತೋ ಎಂಬ ವಿವರವು ರಾಜ್ಯದ ಸರಾಸರಿಯಲ್ಲಿ ಕರಗಿಹೋಗದೆ, ಮರುದಿನ ಪಾಠ ಮಾಡಬೇಕಾದ ಶಿಕ್ಷಕಿಯ ಕೈಗೆ ತಲುಪಬೇಕು.