ಓದುಗರ ಪ್ರಶ್ನೆ, ನಮ್ಮ ಉತ್ತರ: ರೋಲರ್ ಕೋಸ್ಟರ್‌ಗೆ ವಿಆರ್ ಕನ್ನಡಕ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಓಡುತ್ತಿರುವ ರೋಲರ್ ಕೋಸ್ಟರ್‌ನಲ್ಲಿ ಕೂತವರ ಕಣ್ಣಿಗೆ ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ ಕಟ್ಟಿದರೆ ಕೂತ ಸೀಟು ನಿಜವಾದದ್ದು, ಕಾಣುವ ಲೋಕ ಬೇರೆಯದು. ಇದನ್ನು ಸರಿಯಾಗಿ ಮಾಡುವುದು ಹೇಗೆ, ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಈ ಅಂಕಣವನ್ನು ಪೂರ್ತಿ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಹಳಿಯ ಉದ್ದ ಗೊತ್ತು, ಸವಾರಿ ಎಷ್ಟು ಹೊತ್ತಿನದು ಎಂಬುದೂ ಗೊತ್ತು. ಅಷ್ಟೇ ಉದ್ದದ 360 ಡಿಗ್ರಿ ವಿಡಿಯೊ ಮಾಡಿ, ರೈಲು ಹೊರಡುವಾಗ ಚಾಲೂ ಮಾಡಿದರೆ ಸಾಲದೇ?

ಉತ್ತರ: ಸಾಲದು. ಎರಡು ಟ್ರಿಪ್‌ಗಳ ಸಮಯ ಒಂದೇ ಆಗಿರುವುದಿಲ್ಲ. ಬೆಳಗಿನ ಮೊದಲ ಟ್ರಿಪ್‌ನಲ್ಲಿ ಬೇರಿಂಗ್‌ನ ಗ್ರೀಸ್ ಗಟ್ಟಿಯಾಗಿರುತ್ತದೆ, ರೈಲು ನಿಧಾನ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಬಿಸಿಯೇರಿ ಅದೇ ರೈಲು ಚುರುಕಾಗುತ್ತದೆ. ತುಂಬಿದ ರೈಲು ಖಾಲಿ ರೈಲಿಗಿಂತ ವೇಗವಾಗಿ ಹೋಗುತ್ತದೆ. ಎದುರುಗಾಳಿ, ಮಳೆ, ಹೊಸದಾಗಿ ಹಾಕಿದ ಚಕ್ರ ಎಲ್ಲವೂ ತಮ್ಮ ಪಾಲು ಸೇರಿಸುತ್ತವೆ. ಗಂಟೆಗೆ 72 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 20 ಮೀಟರ್. ಚಿತ್ರ ಅರ್ಧ ಸೆಕೆಂಡು ಹಿಂದೆ ಬಿದ್ದರೂ ರೈಲು 10 ಮೀಟರ್ ಮುಂದೆ ಹೋಗಿರುತ್ತದೆ. ಮೈ ಎಡಕ್ಕೆ ವಾಲಿದಾಗ ಕಣ್ಣಿಗೆ ಇನ್ನೂ ನೇರ ಹಳಿಯೇ ಕಾಣುತ್ತಿರುತ್ತದೆ.

ಆದ್ದರಿಂದ ಚಿತ್ರವನ್ನು ಗಡಿಯಾರಕ್ಕೆ ಕಟ್ಟಬಾರದು, ಚಕ್ರಕ್ಕೆ ಕಟ್ಟಬೇಕು. ಹಳಿಯ ಮೇಲೆ ಉರುಳುವ ಚಕ್ರಗಳಲ್ಲಿ ಒಂದಕ್ಕೆ ಸಣ್ಣ ಆಯಸ್ಕಾಂತಗಳ ಬಳೆ ಕೂರಿಸಿ, ಪಕ್ಕದಲ್ಲಿ ಆಯಸ್ಕಾಂತ ಹಾದುಹೋದದ್ದನ್ನು ಗುರುತಿಸುವ ಹಾಲ್ ಸೆನ್ಸರ್ ಇಡುತ್ತಾರೆ. ಚಕ್ರದ ವ್ಯಾಸ 300 ಮಿ.ಮೀ. ಇದ್ದರೆ ಸುತ್ತಳತೆ ಸುಮಾರು 942 ಮಿ.ಮೀ. ಬಳೆಯಲ್ಲಿ 16 ಆಯಸ್ಕಾಂತಗಳಿದ್ದರೆ ಪ್ರತಿ 59 ಮಿ.ಮೀ.ಗೆ ಒಂದು ಮಿಡಿತ ಸಿಗುತ್ತದೆ. ರೈಲಿನಲ್ಲಿರುವ ಪೆಟ್ಟಿಗೆ ಈ ಮಿಡಿತಗಳನ್ನು ಎಣಿಸಿ, ಹೊರಟ ಜಾಗದಿಂದ ರೈಲು ಎಷ್ಟು ಮೀಟರ್ ದೂರದಲ್ಲಿದೆ ಎಂಬುದನ್ನು ರೇಡಿಯೊ ಮೂಲಕ ಎಲ್ಲ ಹೆಡ್‌ಸೆಟ್‌ಗಳಿಗೂ ಕಳುಹಿಸುತ್ತದೆ. ಇಷ್ಟನೇ ಮೀಟರ್‌ನಲ್ಲಿ ಸೀಟು ಎತ್ತ ವಾಲಿರುತ್ತದೆ, ಎಷ್ಟು ಎತ್ತರದಲ್ಲಿರುತ್ತದೆ ಎಂಬ ಪಟ್ಟಿ ಹೆಡ್‌ಸೆಟ್‌ನಲ್ಲಿ ಮೊದಲೇ ಇರುತ್ತದೆ.

ಇಲ್ಲೂ ಒಂದು ಕಿತಾಪತಿ ಇದೆ. ಚಕ್ರದ ಪಾಲಿಯುರೆಥೇನ್ ಹೊದಿಕೆ ಸವೆಯುತ್ತದೆ. ವ್ಯಾಸದಲ್ಲಿ 2 ಮಿ.ಮೀ. ಕಡಿಮೆಯಾದರೆ ಲೆಕ್ಕ 0.67 ಶೇಕಡ ತಪ್ಪುತ್ತದೆ. 800 ಮೀಟರ್ ಹಳಿಯ ಕೊನೆಗೆ ಅದು 5 ಮೀಟರ್ ದಾಟುತ್ತದೆ. ಗುಡ್ಡದ ತುದಿಯಲ್ಲಿ ರೈಲು ಹಗುರಾದಾಗ ಮೇಲಿನ ಚಕ್ರ ಹಳಿಯಿಂದ ಕೊಂಚ ಎದ್ದು ಒಂದೆರಡು ಮಿಡಿತ ತಪ್ಪುವುದೂ ಉಂಟು. ಕೋಸ್ಟರ್‌ನ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ರೈಲಿನ ಅಡಿಯ ಲೋಹದ ಪಟ್ಟಿಯನ್ನು ಹಿಡಿಯುತ್ತದೆ. ಹಾಗಾಗಿ ಬ್ರೇಕ್ ಹಾಕಿದಾಗ ಚಕ್ರ ಜಾರುವ ತಾಪತ್ರಯ ಕಾರಿನಲ್ಲಿದ್ದಷ್ಟು ಇಲ್ಲ. ಉಳಿದ ತಪ್ಪಿಗೆ ಮದ್ದೆಂದರೆ ಹಳಿಯ ಪಕ್ಕ ಗೊತ್ತಾದ ಜಾಗಗಳಲ್ಲಿ, ಅಂದರೆ ರೈಲನ್ನು ಎತ್ತರಕ್ಕೆ ಎಳೆಯುವ ಲಿಫ್ಟ್‌ನ ತುದಿ, ನಡುವಿನ ಬ್ರೇಕ್, ಕೊನೆಯ ತಿರುವಿನ ಮುಂಚೆ, ಗುರುತಿನ ಆಯಸ್ಕಾಂತ ನೆಡುವುದು. ಅದನ್ನು ದಾಟಿದ ಕ್ಷಣ ಎಣಿಕೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಆದರೆ ಚಿತ್ರ ಒಮ್ಮೆಗೇ 3 ಮೀಟರ್ ಹಾರಬಾರದು. ತಿದ್ದುಪಡಿಯನ್ನು ಮುಂದಿನ ಒಂದೆರಡು ಸೆಕೆಂಡಿಗೆ ಹಂಚಬೇಕು.

ಪ್ರಶ್ನೆ: ಹೆಡ್‌ಸೆಟ್‌ನಲ್ಲೇ ತಿರುಗಿದ್ದನ್ನು ಅಳೆಯುವ ಗೈರೊಸ್ಕೋಪ್ ಇದೆಯಲ್ಲ? ತಿರುವನ್ನು ಅದೇ ಗುರುತಿಸುವುದಿಲ್ಲವೇ?

ಉತ್ತರ: ಗುರುತಿಸುತ್ತದೆ, ತೊಂದರೆ ಇರುವುದೇ ಅಲ್ಲಿ. ರೈಲು ಬಲಕ್ಕೆ 90 ಡಿಗ್ರಿ ತಿರುಗಿದರೆ ನೀವು ತಲೆಯನ್ನೇ ಬಲಕ್ಕೆ ಹೊರಳಿಸಿದಿರಿ ಎಂದು ಗೈರೊ ತಿಳಿಯುತ್ತದೆ. ನೀವು ನೇರ ನೋಡುತ್ತಿದ್ದರೂ ಚಿತ್ರದಲ್ಲಿ ಪಕ್ಕದ ಗೋಡೆ ಎದುರಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಗೈರೊ ಹೇಳಿದ್ದರಿಂದ ಆ ಮೀಟರ್‌ನಲ್ಲಿ ರೈಲು ತಿರುಗಿದಷ್ಟನ್ನು ಕಳೆದು, ಉಳಿದದ್ದನ್ನು ಮಾತ್ರ ತಲೆಯ ಚಲನೆ ಎಂದು ಎಣಿಸಬೇಕು. ದೂರದ ಲೆಕ್ಕ ತಪ್ಪಿದರೆ ಈ ಕಳೆಯುವ ಲೆಕ್ಕವೂ ತಪ್ಪುತ್ತದೆ ಎಂಬುದನ್ನು ಗಮನಿಸಿ.

ಜೊತೆಗೆ ಗೈರೊ ತೋರಿಸುವ ದಿಕ್ಕು ತಾನಾಗಿಯೇ ನಿಧಾನವಾಗಿ ಸರಿಯುತ್ತದೆ. ಮೇಲೆ ಕೆಳಗೆ ಎಂಬುದನ್ನು ಗುರುತ್ವ ನೋಡಿ ತಿದ್ದಬಹುದು, ಎಡ ಬಲವನ್ನು ತಿದ್ದಲು ದಿಕ್ಸೂಚಿ ಬೇಕು. ಸುತ್ತಲೂ ಉಕ್ಕು, ಮೋಟಾರು, ಆಯಸ್ಕಾಂತದ ಬ್ರೇಕ್ ಇರುವಲ್ಲಿ ದಿಕ್ಸೂಚಿಯನ್ನು ನಂಬುವಂತಿಲ್ಲ. ಹೊಸ ಹೆಡ್‌ಸೆಟ್‌ಗಳ ಕ್ಯಾಮೆರಾ ಇನ್ನೊಂದು ರಗಳೆ. ಅದು ಕೋಣೆಯ ಗೋಡೆ ಕದಲುವುದಿಲ್ಲ ಎಂದು ನಂಬಿ ಕೆಲಸ ಮಾಡುವ ಸಾಧನ. ಇಲ್ಲಿ ಎದುರಿನ ಸೀಟು ಸ್ಥಿರವಾಗಿದೆ, ಆಚೆಯ ಮರ ಓಡುತ್ತಿದೆ. ಗೊಂದಲಕ್ಕೆ ಬಿದ್ದು ಚಿತ್ರವನ್ನು ಎತ್ತಲೋ ಎಸೆಯುತ್ತದೆ. ಆ ಕ್ಯಾಮೆರಾ ಟ್ರ್ಯಾಕಿಂಗ್ ಆರಿಸಿ, ತಲೆ ತಿರುಗುವುದನ್ನು ಮಾತ್ರ ಅಳೆಯುವ ಕ್ರಮದಲ್ಲಿ ಇಡುವುದೇ ಲೇಸು.

ದಿಕ್ಕು ಎಷ್ಟು ಸರಿದಿದೆ ಎಂದು ತಿಳಿಯಲು ಉಪಕರಣವೇ ಬೇಕಿಲ್ಲ. ಮರಳಿ ಬರುವ ರೈಲನ್ನು ನೋಡಿ. ಒಬ್ಬರ ತಲೆ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ತಿರುಗಿದ್ದರೆ ಅವರು ದೃಶ್ಯ ಸವಿಯುತ್ತಿರಬಹುದು, ಇಲ್ಲವೇ ಹಳಿಯನ್ನು ಹುಡುಕುತ್ತಿರಬಹುದು. ಒಂದೇ ಸೀಟಿನವರು ಪ್ರತಿ ಟ್ರಿಪ್‌ನಲ್ಲೂ ಹಾಗೆ ಬಂದರೆ ಆ ಹೆಡ್‌ಸೆಟ್ ಪಕ್ಕಕ್ಕಿಡಿ.

ಪ್ರಶ್ನೆ: ವಿಆರ್‌ನಿಂದ ವಾಕರಿಕೆ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ? ಎರಡನ್ನೂ ಹೇಳುವವರಿದ್ದಾರೆ.

ಉತ್ತರ: ಎರಡೂ ನಿಜ. ಮನೆಯಲ್ಲಿ ಕೂತು ವಿಆರ್ ನೋಡಿದಾಗ ಕಣ್ಣು ‘ಓಡುತ್ತಿದ್ದೇವೆ’ ಅನ್ನುತ್ತದೆ, ಒಳಕಿವಿ ‘ಇಲ್ಲ’ ಅನ್ನುತ್ತದೆ. ಆ ಜಗಳದ ಪರಿಣಾಮ ಹೊಟ್ಟೆಯ ಮೇಲಾಗುತ್ತದೆ. ಕೋಸ್ಟರ್‌ನಲ್ಲಿ ಒಳಕಿವಿಯೂ ಓಟವನ್ನು ಒಪ್ಪುವುದರಿಂದ ಜಗಳವೇ ಇರಬಾರದು, ಚಿತ್ರ ಮೈಗೆ ಹೊಂದಿದ್ದರೆ. ತಪ್ಪಿದರೆ ಮನೆಗಿಂತ ಕೆಟ್ಟದಾಗುತ್ತದೆ, ಏಕೆಂದರೆ ಇಲ್ಲಿನ ತಳ್ಳುವಿಕೆ ನಿಜವಾದದ್ದು.

ಚಿತ್ರ ಮಾಡುವವರು ಹಿಡಿಯಬೇಕಾದ ಕೆಲವು ನಿಯಮಗಳಿವೆ. ತಲೆ ತಿರುಗಿಸಿದ ಮೇಲೆ ಪರದೆ ಬದಲಾಗಲು 20 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಹಳಿಯನ್ನು ಡ್ರ್ಯಾಗನ್ ಬೆನ್ನಾಗಿಯೋ ಆಕಾಶನೌಕೆಯಾಗಿಯೋ ಬದಲಿಸಬಹುದು, ಸಣ್ಣ ಇಳಿಜಾರನ್ನು ಪ್ರಪಾತವಾಗಿ ಹಿಗ್ಗಿಸಲೂಬಹುದು. ಆದರೆ ಮೈ ಬಲಕ್ಕೆ ತಿರುಗುವಾಗ ಚಿತ್ರ ಎಡಕ್ಕೆ ತಿರುಗಬಾರದು. ಮೈಗೆ ಇಲ್ಲದ ತಿರುವನ್ನು ಕಣ್ಣಿಗೆ ಕೊಡಬಾರದು. ಲಿಫ್ಟ್‌ನ ಸರಪಳಿ ಕಟಕಟ ಅನ್ನುವಾಗ ಚಿತ್ರದಲ್ಲೂ ಕ್ರೇನೋ ಏಣಿಯೋ ಕಾಣಬೇಕು, ಇಲ್ಲವಾದರೆ ಆ ಅದುರುವಿಕೆಗೆ ಕಾರಣವೇ ಸಿಗುವುದಿಲ್ಲ. ಎಲ್ಲರೂ ಮರೆಯುವುದು ಕೊನೆಯ ಬ್ರೇಕನ್ನು. ಮುಂದಿನ ರೈಲು ಪ್ಲಾಟ್‌ಫಾರ್ಮ್ ಬಿಡುವವರೆಗೆ ನಿಮ್ಮ ರೈಲು ಅಲ್ಲಿ ಹತ್ತು ಸೆಕೆಂಡು ನಿಲ್ಲಬಹುದು, ಎರಡು ನಿಮಿಷವೂ ನಿಲ್ಲಬಹುದು. ಕಥೆ ಮುಗಿದು ಕಪ್ಪು ಪರದೆ ಬಂದರೆ ಜನ ಹೆಡ್‌ಸೆಟ್ ಕಿತ್ತು ಕೈಯಲ್ಲಿ ಹಿಡಿಯುತ್ತಾರೆ, ರೈಲು ಮತ್ತೆ ಜಗ್ಗಿದಾಗ ಕೈಜಾರುತ್ತದೆ. ಎಷ್ಟು ಹೊತ್ತು ಬೇಕಾದರೂ ಸುತ್ತುವ ಒಂದು ಶಾಂತ ದೃಶ್ಯ ಅಲ್ಲಿಗೆ ಸಿದ್ಧವಿರಲಿ.

ಪ್ರಶ್ನೆ: ದೊಡ್ಡ ದೊಡ್ಡ ಪಾರ್ಕುಗಳೇ ವಿಆರ್ ಹಾಕಿ ಆಮೇಲೆ ತೆಗೆದವಂತೆ. ಯಾಕೆ?

ಉತ್ತರ: ಜರ್ಮನಿಯ ಯೂರೋಪಾ-ಪಾರ್ಕ್ 2015ರಲ್ಲಿ ಆಲ್ಪೆನ್‌ಎಕ್ಸ್‌ಪ್ರೆಸ್ ಎಂಬ ಕೋಸ್ಟರ್‌ನಲ್ಲಿ ಇದನ್ನು ಜನರಿಗೆ ತೆರೆಯಿತು. ಅದು ಮೋಟಾರಿನಿಂದ ಓಡುವ, ಸೌಮ್ಯವಾದ ಸವಾರಿ, ಆಯ್ಕೆ ಚೆನ್ನಾಗಿತ್ತು. 2016ರಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್ ತನ್ನ ಹಳೆಯ ‘ಏರ್’ ಕೋಸ್ಟರನ್ನು ‘ಗ್ಯಾಲಾಕ್ಟಿಕಾ’ ಎಂದು ಹೆಸರು ಬದಲಿಸಿ ವಿಆರ್ ಸೇರಿಸಿತು. ಅದೇ ವರ್ಷ ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಹಲವು ಪಾರ್ಕುಗಳ ಕೋಸ್ಟರ್‌ಗಳಲ್ಲಿ ಫೋನ್ ಸಿಕ್ಕಿಸುವ ಸ್ಯಾಮ್‌ಸಂಗ್ ಗಿಯರ್ ವಿಆರ್ ಹೆಡ್‌ಸೆಟ್ ಕೊಟ್ಟಿತು. 2017ರಲ್ಲಿ ಒರ್ಲಾಂಡೊದ ಸೀವರ್ಲ್ಡ್‌ನ ಕ್ರ್ಯಾಕನ್ ಸರದಿ. ಗ್ಯಾಲಾಕ್ಟಿಕಾ, ಕ್ರ್ಯಾಕನ್ ಎರಡರಲ್ಲೂ ಹೆಡ್‌ಸೆಟ್ ಹೋಯಿತು, ಕೋಸ್ಟರ್ ಉಳಿಯಿತು.

ಗಣಿತ ಹಾಕಿದರೆ ಕಾರಣ ತಾನಾಗಿ ಕಾಣುತ್ತದೆ. 24 ಸೀಟಿನ ರೈಲು 90 ಸೆಕೆಂಡಿಗೊಮ್ಮೆ ಹೊರಟರೆ ಗಂಟೆಗೆ 40 ಟ್ರಿಪ್, 960 ಜನ. ಹೆಡ್‌ಸೆಟ್ ಕೊಡುವುದು, ಪಟ್ಟಿ ಬಿಗಿಯುವುದು, ‘ಮಸುಕಾಗಿದೆ’ ಅನ್ನುವವರದನ್ನು ಸರಿಪಡಿಸುವುದು ಎಂದು ಇನ್ನೊಂದೇ ನಿಮಿಷ ಹೆಚ್ಚಾದರೂ ಗಂಟೆಗೆ 24 ಟ್ರಿಪ್, 576 ಜನ. ಸರದಿಯಲ್ಲಿ ಒಂದು ಗಂಟೆ ನಿಲ್ಲುತ್ತಿದ್ದವರು ಒಂದು ಗಂಟೆ ನಲವತ್ತು ನಿಮಿಷ ನಿಲ್ಲುತ್ತಾರೆ. ಇಷ್ಟಾಗಿ ಒಂದೇ ಒಂದು ಹೆಡ್‌ಸೆಟ್ ಚಾಲೂ ಆಗದಿದ್ದರೆ ಉಳಿದ 23 ಜನ ಅದಕ್ಕಾಗಿ ಕಾಯಬೇಕು.

ಹಾಗಾಗಿ ವಿಆರ್ ಹತ್ತುವ ಜಾಗವನ್ನೇ ಬೇರೆ ಮಾಡುವುದು ಸರಿಯಾದ ದಾರಿ. ಯೂರೋಪಾ-ಪಾರ್ಕ್ 2018ರಲ್ಲಿ ಯೂರೋಸ್ಯಾಟ್ ಕೋಸ್ಟರ್‌ಗೆ ಮಾಡಿದ್ದು ಅದನ್ನೇ: ವಿಆರ್ ಬೇಕಾದವರಿಗೆ ಪ್ರತ್ಯೇಕ ನಿಲ್ದಾಣ. ಅಷ್ಟು ಹಣ ಇಲ್ಲದವರು ಹಿಂದಿನ ಎರಡು ಸಾಲನ್ನಷ್ಟೇ ವಿಆರ್‌ಗೆ ಬಿಟ್ಟು, ಸರದಿಯಲ್ಲೇ ಹೆಡ್‌ಸೆಟ್ ಕೊಟ್ಟು ಪಟ್ಟಿ ಹೊಂದಿಸಿಕೊಳ್ಳಲು ಬಿಡಬಹುದು. ಎಲ್ಲ ಸೀಟಿಗೂ ಕಡ್ಡಾಯ ಮಾಡುವುದು ನಮ್ಮ ಪ್ರಕಾರ ಶುದ್ಧ ತಪ್ಪು.

ಪ್ರಶ್ನೆ: ತಲೆಕೆಳಗಾಗುವ ಸವಾರಿಯಲ್ಲಿ ಹೆಡ್‌ಸೆಟ್ ಹಾರಿಹೋದರೆ?

ಉತ್ತರ: ಹಿಂದಿನ ಸಾಲಿನವರ ಮುಖಕ್ಕೆ ಬಡಿಯುತ್ತದೆ. ಹಾರುವುದಿಲ್ಲ ಎಂಬ ನಂಬಿಕೆಯ ಮೇಲೆ ವಿನ್ಯಾಸ ಮಾಡಬೇಡಿ. ಹಾರಿದರೂ ದೂರ ಹೋಗದಂತೆ ಮಾಡಿ. ಗಲ್ಲದಡಿ ಪಟ್ಟಿ ಒಂದು, ಸೀಟಿಗೋ ತೊಡೆಯ ಮೇಲೆ ಇಳಿಯುವ ಲ್ಯಾಪ್ ಬಾರ್‌ಗೋ ಕೊಂಡಿ ಹಾಕಿದ ಗಟ್ಟಿ ದಾರ ಇನ್ನೊಂದು. ದಾರ ತಲೆ ತಿರುಗಿಸಲು ಸಾಲುವಷ್ಟಿರಲಿ, ಪಕ್ಕದವರ ಮುಖವನ್ನೋ ಚಕ್ರವನ್ನೋ ಮುಟ್ಟುವಷ್ಟಿರಬಾರದು, ಕುತ್ತಿಗೆಗೆ ಸುತ್ತಿಕೊಳ್ಳುವ ಹಾದಿಯಲ್ಲೂ ಇರಬಾರದು.

ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಅರ್ಧ ಕೆ.ಜಿ. ಹೆಡ್‌ಸೆಟ್, ಗುರುತ್ವದ 4 ಪಟ್ಟು ಒತ್ತಡ ಬೀಳುವ ತಗ್ಗಿನಲ್ಲಿ 2 ಕೆ.ಜಿ. ಆಗುತ್ತದೆ, ಅದೂ ಮೂಗಿನ ಮುಂದೆ ನೇತಾಡುತ್ತಾ. ಬರುವ ತಿರುವು ಕಾಣದವರಿಗೆ ಕುತ್ತಿಗೆ ಬಿಗಿಹಿಡಿಯಲು ಸುಳಿವೇ ಸಿಗುವುದಿಲ್ಲ. ಭುಜದ ಮೇಲಿಂದ ಬರುವ ಗಟ್ಟಿ ಬಾರ್ ಇರುವ ಒರಟು ಕೋಸ್ಟರ್‌ನಲ್ಲಿ ಕಿವಿಗೆ ಏಟು ಖಚಿತ. ಮರದ ಕೋಸ್ಟರ್ ಬೇಡವೇ ಬೇಡ. ಆ ಅದುರಿಗೆ ಹೆಡ್‌ಸೆಟ್ ಮುಖದ ಮೇಲೆ ಕುಣಿದು ಚಿತ್ರ ಕದಡಿ ಹೋಗುತ್ತದೆ.

ಆಪರೇಟರ್‌ಗಳ ಕ್ರಮ ಹೀಗಿರಲಿ: ಮೊದಲು ಲ್ಯಾಪ್ ಬಾರ್ ಇಳಿಸಿ, ಹೆಡ್‌ಸೆಟ್ ಹಣೆಯ ಮೇಲಿರುವಾಗಲೇ ಬಾರ್ ಎಳೆದು ಪರೀಕ್ಷಿಸಿ, ಆಮೇಲೆ ಕಣ್ಣಿಗೆ ಇಳಿಸಲು ಹೇಳುವುದು. ಕಣ್ಣು ಮುಚ್ಚಿದ ಸವಾರನಿಗೆ ತನ್ನ ಬಾರ್ ಸಡಿಲವಿರುವುದು ಕಾಣುವುದಿಲ್ಲ. ರೈಲು ಲಿಫ್ಟ್ ಮೇಲೆ ಕೆಟ್ಟು ನಿಂತರೆ, ದೂರದ ಎಣಿಕೆ ನಿಂತದ್ದನ್ನು ಹೆಡ್‌ಸೆಟ್ ತಾನೇ ಗುರುತಿಸಿ ಚಿತ್ರವನ್ನು ನಿಲ್ಲಿಸಬೇಕು, ‘ಹೆಡ್‌ಸೆಟ್ ಎತ್ತಿ, ಕೂತೇ ಇರಿ’ ಎಂಬ ಬರಹ ತೋರಿಸಬೇಕು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಟ್ಟರೆ ಧ್ವನಿವರ್ಧಕದ ಸೂಚನೆ ಯಾರಿಗೂ ಕೇಳಿಸುವುದಿಲ್ಲ.

ಒಂದು ಕಾಗದದ ಕೆಲಸವೂ ಇದೆ. ಚಕ್ರಕ್ಕೆ ಬಳೆ, ಸೀಟಿಗೆ ಕೊಂಡಿ ಹಾಕುವುದು ಸವಾರಿಯ ಮಾರ್ಪಾಡು. ಇಎನ್ 13814, ಐಎಸ್ಒ 17842, ಎಎಸ್‌ಟಿಎಂ ಎಫ್ 2291 ಎಂಬ ಸವಾರಿ ಸುರಕ್ಷತೆಯ ಮಾನದಂಡಗಳಲ್ಲಿ ಯಾವುದು ನಿಮ್ಮ ಸವಾರಿಗೆ ಅನ್ವಯಿಸುತ್ತದೋ ಅದರ ಪ್ರಕಾರ ಮರುಪರಿಶೀಲನೆ ಆಗಬೇಕು, ತಯಾರಕರ ಒಪ್ಪಿಗೆ ಬರಹದಲ್ಲಿ ಇರಬೇಕು.

ಪ್ರಶ್ನೆ: ದಿನಕ್ಕೆ ಸಾವಿರಾರು ಮುಖಗಳಿಗೆ ತಗುಲುವ ವಸ್ತು. ಸ್ವಚ್ಛತೆ ಹೇಗೆ?

ಉತ್ತರ: ಸ್ಪಂಜಿನ ಅಂಚು ಬೆವರು ಹೀರುತ್ತದೆ, ಅದನ್ನು ತೆಗೆದು ಒರೆಸಬಹುದಾದ ಕೃತಕ ಚರ್ಮದ ಅಂಚು ಹಾಕಿ. ಪ್ರತಿ ಸವಾರಿಯ ನಂತರ ಅಂಚನ್ನೂ ಪಟ್ಟಿಯನ್ನೂ ಸೋಂಕುನಾಶಕ ಒರೆಸಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಲೆನ್ಸ್‌ಗೆ ಮೈಕ್ರೊಫೈಬರ್ ಬಟ್ಟೆ ಮಾತ್ರ. ಆಲ್ಕೋಹಾಲ್ ತಗುಲಿದರೆ ಪ್ಲಾಸ್ಟಿಕ್ ಲೆನ್ಸಿನ ಲೇಪ ಮಂಕಾಗುತ್ತದೆ, ಆಮೇಲೆ ಎಷ್ಟು ಒರೆಸಿದರೂ ಹೋಗದು. ರೋಗಾಣು ಕೊಲ್ಲುವ ಯುವಿ-ಸಿ (ನೇರಳಾತೀತ) ಬೆಳಕಿನ ಪೆಟ್ಟಿಗೆ ಬೆಳಕು ಬಿದ್ದ ಜಾಗವನ್ನಷ್ಟೇ ಶುದ್ಧ ಮಾಡುತ್ತದೆ, ಮಡಿಕೆಯೊಳಗೆ ತಲುಪುವುದಿಲ್ಲ. ಒರೆಸುವುದಕ್ಕೆ ಅದು ಬದಲಿಯಲ್ಲ. ಬಿಸಿಲಿನಲ್ಲಿ ಲೆನ್ಸ್ ಮೇಲ್ಮುಖವಾಗಿ ಇಟ್ಟರೆ ಅದು ಭೂತಗನ್ನಡಿಯಂತೆ ಬಿಸಿಲನ್ನು ಪರದೆಯ ಮೇಲೆ ಗುರಿಹಿಡಿದು ಸುಡುತ್ತದೆ. ಒಂದೆರಡು ನಿಮಿಷ ಸಾಕು.

ಎಷ್ಟು ಬೇಕು ಎಂಬ ಲೆಕ್ಕ: 24 ಸೀಟಿನ ಎರಡು ರೈಲಿಗೆ 48, ಒರೆಸುವ ಮೇಜಿನ ಮೇಲೆ 24, ಚಾರ್ಜ್ ಆಗುತ್ತ 24, ಕೆಟ್ಟವಕ್ಕೆ ಬದಲಿ ಹತ್ತು. ನೂರು ದಾಟಿತು. ತಂತಿಯಿಲ್ಲದ ಹೆಡ್‌ಸೆಟ್‌ನ ಬ್ಯಾಟರಿ ಎರಡು ಗಂಟೆಯ ಆಸುಪಾಸು ಬರುತ್ತದೆ. ಬಿಸಿಯೇರಿದರೆ ತಾನೇ ವೇಗ ತಗ್ಗಿಸಿಕೊಂಡು ಚಿತ್ರ ತಡವರಿಸುತ್ತದೆ. ಫೋನ್ ಸಿಕ್ಕಿಸುವ ಹಳೆಯ ಬಗೆಯವು ಬೇಸಿಗೆಯಲ್ಲಿ ಸುಸ್ತಾಗುತ್ತಿದ್ದುದು ಇದರಿಂದಲೇ.

ಪ್ರಶ್ನೆ: ಕನ್ನಡಕ ಹಾಕುವವರು?

ಉತ್ತರ: ಕಿರಿದಾದ ಚೌಕಟ್ಟು ಹೆಡ್‌ಸೆಟ್‌ನೊಳಗೆ ಹಿಡಿಸಿದರೆ ಸರಿ. ಅಗಲದ ಚೌಕಟ್ಟು ಲೆನ್ಸಿಗೆ ಗೀರು ಹಾಕುತ್ತದೆ. ಫೋಕಸ್ ತಿರುಗಣೆ ಇರುವ ಹೆಡ್‌ಸೆಟ್ ಒಂದೆರಡು ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಹಳೆಯದೊಂದು ಒಳಾಂಗಣ ಕೋಸ್ಟರ್ ಇದೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಒಳಾಂಗಣದ್ದಾದರೆ ಅರ್ಧ ಗೆದ್ದಿರಿ: ಬಿಸಿಲು, ಮಳೆ, ಗಾಳಿ ಮೂರೂ ಇಲ್ಲ, ಮರೆಮಾಡಿದರೆ ನಷ್ಟವಾಗುವ ನೋಟವೂ ಇಲ್ಲ. ಎತ್ತರದ ಬಯಲು ಕೋಸ್ಟರ್‌ನಲ್ಲಿ ಜನ ಬರುವುದೇ ಆ ಎತ್ತರವನ್ನು ನೋಡಲು. ಅದಕ್ಕೆ ಪರದೆ ಕಟ್ಟುವುದು ಸರಿಯಲ್ಲ.

ಅನೇಕರು ಮೊದಲು ಚಿತ್ರಕ್ಕೆ ದುಡ್ಡು ಸುರಿಯುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ. ನೀವು ಮೊದಲು ಚಕ್ರದ ಸೆನ್ಸರ್ ಹಾಕಿಸಿ. ತಯಾರಕರಿಂದ ಹಳಿಯ ವಿನ್ಯಾಸದ ಅಂಕಿಗಳನ್ನು ಪಡೆದು, ರೈಲಿಗೆ ಚಲನೆ ದಾಖಲಿಸುವ ಪೆಟ್ಟಿಗೆ ಬಿಗಿದು ಖಾಲಿ ರೈಲು, ಮರಳುಚೀಲ ತುಂಬಿದ ರೈಲು, ಬೆಳಗಿನ ತಣ್ಣನೆ ಹೊತ್ತು, ಮಧ್ಯಾಹ್ನ ಹೀಗೆ ಹತ್ತಾರು ಸುತ್ತು ಓಡಿಸಿ. ಎರಡನ್ನೂ ಒಂದರ ಮೇಲೊಂದು ಹೊಂದಿಸಿ ದೂರದ ಪಟ್ಟಿ ತಯಾರಿಸಿ. ಆಮೇಲೆ ಬಣ್ಣದ ಚಿತ್ರವಿಲ್ಲದೆ ಬರೀ ಬಿಳಿ ಗೆರೆಯ ಹಳಿಯನ್ನು ಹೆಡ್‌ಸೆಟ್‌ನಲ್ಲಿ ತೋರಿಸಿ, ನಿಮ್ಮ ಸಿಬ್ಬಂದಿಯನ್ನೇ ಮುಂದಿನ ಸೀಟಿನಲ್ಲೂ ಕೊನೆಯ ಸೀಟಿನಲ್ಲೂ ಕೂರಿಸಿ. ಕೊನೆಯ ಸೀಟು ರೈಲಿನ ಉದ್ದದಷ್ಟು ಹಿಂದಿದೆ, ಅದಕ್ಕೆ ಆ ಮೀಟರ್‌ಗಳನ್ನು ಕಳೆಯಬೇಕು. ಇದನ್ನು ಮರೆತರೆ ಮುಂದಿನವರು ಖುಷಿಯಾಗಿ ಇಳಿಯುತ್ತಾರೆ, ಹಿಂದಿನವರು ಹೊಟ್ಟೆ ಹಿಡಿದುಕೊಂಡು ಇಳಿಯುತ್ತಾರೆ. ಬಿಳಿ ಗೆರೆಯ ಹಳಿಯಲ್ಲಿ ಹಿಂದಿನ ಸೀಟಿನವರೂ ಸತತ ಐದು ಸುತ್ತು ಸಲೀಸಾಗಿ ಕೂತರೆ ಆಗ ಚಿತ್ರ ಮಾಡುವವರನ್ನು ಕರೆಸಿ.