ಪ್ರತಿಕ್ರಿಯೆ: ಹೋಯ್ ಆನ್‌ನಲ್ಲಿ ಹೊಲಿಸಿದ ಕೋಟಿನ ಎದೆಯಲ್ಲಿ ಗುಳ್ಳೆ

ವಿಯೆಟ್ನಾಮಿನ ಹೋಯ್ ಆನ್ ಊರಲ್ಲಿ ಒಂದೇ ದಿನದಲ್ಲಿ ಹೊಲಿಸಿದ ಕೋಟನ್ನು ಕಾಸರಗೋಡು ಬಳಿಯ ಬದಿಯಡ್ಕದ ಮನೆಯಲ್ಲಿ ಒಗೆದ ಮೇಲೆ ಎದೆಯಲ್ಲಿ ಗುಳ್ಳೆ ಎದ್ದಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಫ್ಯೂಸಿಂಗ್ ಬಟ್ಟೆ, ಅಂದರೆ ಕೋಟಿನ ಆಕಾರ ನಿಲ್ಲಲು ಮೇಲಿನ ಬಟ್ಟೆಯ ಒಳಮೈಗೆ ಕೊಡುವ ಪದರ, ಅಂಟು ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಅವಸರದ ಕೋಟುಗಳಲ್ಲಿ ಅದನ್ನು ಹೊಲಿಯುವುದಿಲ್ಲ, ಬಿಸಿಯಿಂದ ಅಂಟಿಸುತ್ತಾರೆ.

ಮತ್ತೆ ನೀರಿಗೆ ಹಾಕಬೇಡಿ. ಮಳೆಗಾಲವಾದ್ದರಿಂದ ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ, ಗುಳ್ಳೆಯ ಜಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಮೇಲಿನ ಬಟ್ಟೆ ಬೇರೆಯಾಗಿ ಬಂದರೆ ಅನುಮಾನ ನಿಜ. ಅಲ್ಲಿ ಒದ್ದೆ ಹತ್ತಿ ಬಟ್ಟೆ ಹಾಸಿ, ಉಣ್ಣೆಯ ಬಿಸಿಗಿಟ್ಟ ಇಸ್ತ್ರಿಪೆಟ್ಟಿಗೆಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಉಜ್ಜಬಾರದು. ತಣಿಯುವವರೆಗೆ ಅಲುಗಿಸಲೂಬಾರದು.

ಅಂಟಿದರೂ ಎಷ್ಟು ಕಾಲ ನಿಲ್ಲುತ್ತದೆಂದು ನೋಡದೆ ಹೇಳಲಾರೆ. ಗುಳ್ಳೆ ಮರಳಿದರೆ ಇಸ್ತ್ರಿ ನಿಲ್ಲಿಸಿ. ಬಿಸಿ ಹೆಚ್ಚಾದರೆ ಅಂಟು ಹೊರಗೆ ಒಸರಿ ಕಲೆಯಾಗುತ್ತದೆ, ಅದು ಹೋಗುವುದು ಕಷ್ಟ.

ಆಮೇಲೆ ಉಳಿಯುವುದು ಅಸ್ತರು ಬಿಚ್ಚಿ ಫ್ಯೂಸಿಂಗ್ ಬಟ್ಟೆ ಬದಲಿಸುವ ಕೆಲಸ. ಕೂಲಿ ಕಡಿಮೆಯಲ್ಲ, ಆದ್ದರಿಂದ ಮೊದಲು ಒಳಹೊಲಿಗೆಯಿಂದ ಬಟ್ಟೆಯದೇ ಒಂದೆಳೆ ಕಿತ್ತು ಸುಡಿ. ಸುಟ್ಟ ಕೂದಲಿನ ವಾಸನೆ ಬಂದು ಪುಡಿ ಬೂದಿಯಾದರೆ ಉಣ್ಣೆ, ಖರ್ಚು ಮಾಡಬಹುದು. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅಂಗಡಿಯವನು ಏನೇ ಹೇಳಿರಲಿ. ಅದಕ್ಕೆ ದುಡ್ಡು ಸುರಿಯಬೇಡಿ. ಉಣ್ಣೆಯಾದರೆ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಕೋಟು ಹೊಲಿಯುವ ದರ್ಜಿಗೇ ಕೊಡಿ, ಶರ್ಟಿನವರಿಗೆ ಬೇಡ. ಆಟಿಯಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ಮದುವೆಗಳಿಲ್ಲದೆ ಅವರಿಗೂ ಬಿಡುವಿರುತ್ತದೆ.